ಎರಡೂಕಾಲು ಅಡಿ

ಹೆಣ ಎತ್ತಿದ ಮೇಲೆ ನಿಂಗರಾಜುವಿನ ಕೆಲಸ ಶುರುವಾಗುತ್ತಿತ್ತು. ಪೊಲೀಸರು ಸುಣ್ಣದಲ್ಲಿ ಎಳೆದುಹೋದ ಗೆರೆಯ ಪಕ್ಕ ಮೊಣಕಾಲೂರಿ ಅವನು ಟೇಪು ಹಿಡಿಯುತ್ತಿದ್ದ. ಗೋಡೆಯಿಂದ ತಲೆಗೆ ಎಷ್ಟು, ಬಾಗಿಲಿನಿಂದ ಕಾಲಿಗೆ ಎಷ್ಟು. ರಕ್ತ ಹೀರಿದ ಮಣ್ಣು ಪ್ಯಾಂಟಿಗೆ ಮೆತ್ತಿಕೊಳ್ಳುತ್ತಿತ್ತು. ಅಂಥ ಮನೆಗಳಲ್ಲಿ ಕುಡಿಯಲು ನೀರು ಕೇಳುವ ಹಾಗಿರಲಿಲ್ಲ. ಸಂಜೆ ಹುಣಸೂರಿನ ಬಸ್ಸಿನಲ್ಲಿ ಪಕ್ಕದವರು ಸರಿದು ಕೂರುತ್ತಿದ್ದರು.

ಲೋಕೋಪಯೋಗಿ ಕಚೇರಿಯಲ್ಲಿ ಅವನದು ಒಂಬತ್ತು ವರ್ಷದ ದಿನಗೂಲಿ. ಕಂಪ್ಯೂಟರ್ ಬಂದಾಗ ಅದನ್ನು ಮುಟ್ಟುವ ಧೈರ್ಯ ಮಾಡಿದವನು ಅವನೊಬ್ಬನೇ. ಭಾನುವಾರಗಳಂದು ಮೈಸೂರಿಗೆ ಹೋಗಿ ಕಲಿತುಬಂದ. ಅಳತೆ ತುಂಬಿದರೆ ಪರದೆಯ ಮೇಲೆ ಗೋಡೆ ಏಳುತ್ತಿತ್ತು, ಬಾಗಿಲು ತೆರೆಯುತ್ತಿತ್ತು. ಯಾವ ಮೂಲೆಯಲ್ಲಿ ನಿಂತರೆ ಏನು ಕಾಣುತ್ತದೆ ಎಂದು ತೋರಿಸಬಹುದಿತ್ತು. ನಕ್ಷೆಯ ಕೆಳಗೆ ಮಾತ್ರ ಇಂಜಿನಿಯರ್ ವಿರೂಪಾಕ್ಷನ ಸಹಿ. ನಿಂಗರಾಜುವಿನ ಹೆಸರು ಎಲ್ಲೂ ಇರುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರ ಹೊಗೆಸೊಪ್ಪಿನ ಕಾಲದಲ್ಲಿ ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಕುಳ್ಳಯ್ಯ ಸತ್ತ. ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆಯಾದ ಗುರುಮಲ್ಲಪ್ಪನ ಬ್ಯಾರನ್ನಿನಲ್ಲಿ ಒಲೆಗೆ ಸೌದೆ ಹಾಕುವ ಆಳು. ಎರಡು ದಿನ ನಿದ್ದೆಯಿಲ್ಲದೆ ತೂಕಡಿಸಿದ. ಉರಿ ಹೆಚ್ಚಾಗಿ ಸೊಪ್ಪು ಕಪ್ಪಾಯಿತು. ಬ್ಯಾರನ್ನಿನೊಳಗೆ ಅಟ್ಟದಿಂದ ಜಾರಿಬಿದ್ದ ಎಂದ ಗುರುಮಲ್ಲಪ್ಪ. ಒಲೆಬಾಯಿಯ ಮುಂದೆ ದಣಿಯೇ ಸೌದೆಯಲ್ಲಿ ತಲೆಗೆ ಹೊಡೆದದ್ದನ್ನು ಕಂಡೆ ಎಂದಳು ಪುಟ್ಟಮಾದಮ್ಮ. ಅವಳು ಚಪ್ಪರದ ಕೆಳಗೆ ಸೊಪ್ಪನ್ನು ಕಡ್ಡಿಗೆ ಕಟ್ಟುವ ಕೂಲಿಯವಳು. ಉಳಿದ ಹೆಂಗಸರು ಸೊಪ್ಪು ತರಲು ಹೊಲಕ್ಕೆ ಹೋಗಿದ್ದರು. ಕಂಡವಳು ಅವಳೊಬ್ಬಳೇ.

ಅವಳಿಗೂ ಒಲೆಗೂ ನಡುವೆ, ಅವಳ ಎದುರಿಗೇ, ಬಿದಿರಿನ ಗಳುಗಳ ಮೇಲೆ ಸೊಪ್ಪಿನ ಕಡ್ಡಿಗಳು ಸಾಲಾಗಿ ತೂಗುತ್ತಿದ್ದವು. ಕಾಣುವುದು ಹೇಗೆ ಎಂದರು ಗುರುಮಲ್ಲಪ್ಪನ ವಕೀಲರು. ಕೋರ್ಟು ನಕ್ಷೆ ಕೇಳಿತು. ಮಹಜರಿನ ದಿನವೇ ನಿಂಗರಾಜು ಆ ಸೊಪ್ಪನ್ನೂ ಅಳೆದು ತನ್ನ ಜೇಬಿನ ಪುಸ್ತಕದಲ್ಲಿ ಬರೆದುಕೊಂಡಿದ್ದ. ಎಲ್ಲವನ್ನೂ ಪರದೆಯ ಮೇಲೆ ಎಬ್ಬಿಸಿದ. ಪುಟ್ಟಮಾದಮ್ಮ ಇದ್ದ ಜಾಗದಲ್ಲಿ ಎಂದಿನಂತೆ ಒಬ್ಬ ಮನುಷ್ಯನನ್ನು ನಿಲ್ಲಿಸಿದ. ಕಣ್ಣು ಐದಡಿ ಎತ್ತರದಲ್ಲಿ. ಕಂಡದ್ದು ಬರೀ ಸೊಪ್ಪು. ಒಲೆಬಾಯಿ ಕಾಣಲಿಲ್ಲ.

ಅವನಿಗೆ ಬೇಸರವಾಯಿತು. ಆದರೆ ಗೆರೆಗೆ ಯಾರ ಮುಲಾಜೂ ಇಲ್ಲ ಎಂದುಕೊಂಡು ನಕ್ಷೆಯನ್ನು ಸಹಿಗೆ ಇಟ್ಟ.

ವಿಷಯ ಹಳ್ಳಿ ತಲುಪಲು ಎರಡು ದಿನವೂ ಬೇಕಾಗಲಿಲ್ಲ. ಕೋರ್ಟಿನ ಹಿಂದಿನ ದಿನ ಪುಟ್ಟಮಾದಮ್ಮ ಕಚೇರಿಗೆ ಬಂದಳು. ಅಂಗೈ ತುಂಬ ಸೊಪ್ಪಿನ ಕರೀ ಅಂಟು.

"ಕಂಪೂಟ್ರು ಅನ್ನೋರು ಯಾರಪ್ಪ ಇಲ್ಲಿ?"

"ಯಾಕಮ್ಮ?"

"ನಾನು ಸುಳ್ಳಿ ಅಂತ ಬರ್ದವ್ರಂತೆ. ದಣಿ ಮನೆ ಆಳು ಊರೆಲ್ಲಾ ಯೋಳ್ಕಂಡು ತಿರುಗ್ತಾವ್ನೆ. ಕರಿ ಅವ್ರನ್ನ, ಒಂದ್ಮಾತು ಕೇಳ್ಬೇಕು."

ನಿಂಗರಾಜು ತಲೆ ತಗ್ಗಿಸಿ ಪೆಟ್ಟಿಗೆಯನ್ನು ತೋರಿಸಿದ. "ಇದೇ ಕಣಮ್ಮ. ಬರೆದವ್ನು ನಾನು. ಕೂತ್ಕೊಳಿ."

ಕುರ್ಚಿ ಸರಿಸಿದ. ಅವಳು ಅದರ ಪಕ್ಕದ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತಳು. ಅವನು ಪರದೆ ತಿರುಗಿಸಿ ತೋರಿಸಿದ. ಅವಳು ಬಹಳ ಹೊತ್ತು ನೋಡಿದಳು.

"ಈ ನಿಂತಿರೋ ಗಂಡ್ಸು ಯಾರು?"

"ಅದು ನೀವೇ."

"ಥೂ ನಿನ್ನ! ನಿಂತ್ಕಂಡು ಯಾರ್ಲಾ ಸೊಪ್ಪು ಕಟ್ತಾರೆ? ನಿಮ್ಮವ್ವ ಕಟ್ಟಿದ್ಲಾ?"

ನಿಂಗರಾಜುವಿನ ಅವ್ವನೂ ಸೊಪ್ಪು ಕಟ್ಟಿದವಳೇ. ಹದಿನಾರು ವರ್ಷ, ನೆಲದ ಮೇಲೆ ಕೂತು. ಅಟ್ಟ, ಗಳು, ಒಲೆ ಎಲ್ಲವನ್ನೂ ಅಳೆದ ತಾನು ಅದೊಂದನ್ನು ಮರೆತಿದ್ದ.

ಟೇಪು ತೆಗೆದು, ನೆಲದಿಂದ ಅವಳ ಕಣ್ಣಿನವರೆಗೆ ಹಿಡಿದ.

"ಅಲ್ಲಾಡ್ಬೇಡಿ."

"ಇನ್ನೂ ಬದ್ಕಿವ್ನಿ ಕಣಪ್ಪ. ಈಗ್ಲೇ ಅಳೀತಿಯಲ್ಲ!"

"ಬದ್ಕಿರೋರ್ನ ಅಳೀತಿರೋದು ಇದೇ ಮೊದಲು ಕಣಮ್ಮ."

ಎರಡೂಕಾಲು ಅಡಿ. ಜೇಬಿನ ಪುಸ್ತಕದಲ್ಲಿ ಬರೆದುಕೊಂಡ. ಸೊಪ್ಪಿನ ತುದಿ ನೆಲದಿಂದ ಮೂರೂಕಾಲು ಅಡಿ ಮೇಲಿತ್ತು. ಕಣ್ಣನ್ನು ಕೆಳಗಿಳಿಸಿದ. ಸೊಪ್ಪಿನ ಗೋಡೆ ಮೇಲೆ ಸರಿಯಿತು. ಅದರ ಅಡಿಯಲ್ಲಿ ಬಯಲು, ಬಯಲಿನಾಚೆ ಒಲೆಬಾಯಿ, ಅಲ್ಲಿ ಕುಳ್ಳಯ್ಯನೆಂದು ನಿಲ್ಲಿಸಿದ್ದ ಆಕೃತಿಯ ಪಾದದಿಂದ ನೆತ್ತಿಯವರೆಗೆ ಎಲ್ಲವೂ ಬಂತು.

"ಅಗೋ!" ಪುಟ್ಟಮಾದಮ್ಮ ಗಾಜಿನ ಮೇಲೆ ಬೆರಳಿಟ್ಟಳು. ಅಂಟಿನ ಗುರುತು ಮೂಡಿತು. "ಅಲ್ಲೇ ಕಣಪ್ಪ. ಒಂದೇಟ್ಗೆ ಕುಸಿದ. 'ಬುದ್ದಿ' ಅಂತ ಅನ್ನಾಕೂ ಆಗ್ನಿಲ್ಲ ಅವ್ನಿಗೆ."

ಹಿಂದಿನಿಂದ ವಿರೂಪಾಕ್ಷನ ದನಿ ಕೇಳಿತು. "ಯಾರನ್ನ ಒಳಗೆ ಬಿಟ್ಟಿದ್ದೀಯೋ?"

ಅವಳು ಹೊರಗೆ ಹೋದ ಮೇಲೆ ನಿಂಗರಾಜು ವಿಷಯ ಹೇಳಿದ. "ತಪ್ಪು ನನ್ದೇ ಸಾರ್. ಆಯಮ್ಮ ಕೂತಿದ್ರು. ಬೇರೆ ನಕ್ಷೆ ತೆಗೆದಿದ್ದೀನಿ."

ವಿರೂಪಾಕ್ಷ ಪರದೆಯನ್ನು ನೋಡಿದ. ಅವನಿಗೆ ಅರ್ಥವಾಯಿತು ಎಂಬುದು ನಿಂಗರಾಜುವಿಗೂ ಅರ್ಥವಾಯಿತು.

"ನಕ್ಷೇಲಿ ಮನುಷ್ಯ ನಿಂತೇ ಇರ್ತಾನೆ ಕಣಯ್ಯ. ಅದೇ ಪದ್ಧತಿ. ಕೂತೋರು, ಮಲಗಿರೋರು, ತೆವಳೋರು ಅಂತ ಒಬ್ಬೊಬ್ಬರಿಗೂ ಒಂದೊಂದು ಮಾಡ್ತೀಯಾ?"

"ಅವ್ರು ಕೂತಿದ್ದದ್ದು ನಿಜ ಅಲ್ವಾ ಸಾರ್?"

"ಗುರುಮಲ್ಲಪ್ಪೋರು ನಮ್ಗೆ ಬೇಕಾದೋರು. ಸಹಿ ಆಗಿದೆ, ಮುಗೀತು. ಅಳಿಸು ಅದನ್ನ."

ನಿಂಗರಾಜು ಅಳಿಸಲಿಲ್ಲ. ವಿರೂಪಾಕ್ಷನೇ ಅಳಿಸಿದ. "ನಾಳೆಯಿಂದ ಬರ್ಬೇಡ" ಎಂದ. ಒಂಬತ್ತು ವರ್ಷಕ್ಕೆ ಅಷ್ಟೇ ಮಾತು. ಪರದೆಯ ಮೇಲಿನ ಅಂಟು ಮಾತ್ರ ಹಾಗೇ ಉಳಿದಿತ್ತು. ಜೇಬಿನ ಪುಸ್ತಕವನ್ನು ಯಾರೂ ಕೇಳಲಿಲ್ಲ.

ಮರುದಿನ ಮೈಸೂರಿನ ಕೋರ್ಟಿಗೆ ಸೊಪ್ಪು ಕಟ್ಟುವ ಹೆಂಗಸರು ಹನ್ನೊಂದು ಮಂದಿ ಬಂದಿದ್ದರು. ಬೆಂಚುಗಳೆಲ್ಲ ಗುರುಮಲ್ಲಪ್ಪನ ಕಡೆಯವರಿಂದ ತುಂಬಿದ್ದವು. ಹೆಂಗಸರು ಹಿಂದಿನ ಗೋಡೆಗೆ ಒರಗಿ ನಿಂತರು. ನಿಂಗರಾಜು ಅವರ ಜೊತೆ ನಿಂತ.

ವಕೀಲರು ನಕ್ಷೆಯನ್ನು ಎತ್ತಿ ಹಿಡಿದರು. "ಇದು ಕಂಪ್ಯೂಟರ್ ಹೇಳಿದ್ದಮ್ಮ. ನಿನಗೆ ಏನೂ ಕಾಣುತ್ತಿರಲಿಲ್ಲ. ಏನಂತೀಯ?"

ಪುಟ್ಟಮಾದಮ್ಮ ಕಟಕಟೆಯೊಳಗೆ ನೆಲದ ಮೇಲೆ ಕೂತುಬಿಟ್ಟಳು. ಬೆಂಚುಗಳಲ್ಲಿ ನಗು ಎದ್ದಿತು.

"ಎದ್ದೇಳಮ್ಮ. ಸಾಕ್ಷಿ ನಿಂತು ಹೇಳಬೇಕು" ಎಂದರು ನ್ಯಾಯಾಧೀಶರು.

"ನಿಂತ್ರೆ ಕಾಣಾಕಿಲ್ಲ ಬುದ್ದಿ. ನಾನು ಕಂಡದ್ದು ಇಂಗೆ ಕುಂತ್ಕಂಡು."

"ಮೊದಲು ಎದ್ದೇಳು."

ನಿಂಗರಾಜು ಗೋಡೆ ಬಿಟ್ಟು ಮುಂದೆ ಬಂದ. "ಸ್ವಾಮಿ, ಆ ನಕ್ಷೆ ಮಾಡಿದವನು ನಾನು. ಅದು ತಪ್ಪಿದೆ. ಸರಿಯಾದ ಅಳತೆ ಈ ಪುಸ್ತಕದಲ್ಲಿದೆ."

"ಇದರ ಮೇಲಿರೋ ಸಹಿ ನಿನ್ನದಾ?" ಎಂದರು ನ್ಯಾಯಾಧೀಶರು.

"ಅಲ್ಲ."

"ನೌಕರನಾ?"

ವಿರೂಪಾಕ್ಷ ಎದ್ದು, "ಅಲ್ಲ ಸ್ವಾಮಿ. ಕೆಲಸದಿಂದ ತೆಗೆದಿದೆ" ಎಂದ.

"ಹಾಗಾದರೆ ನಡುವೆ ಮಾತಾಡಬೇಡ. ಸುಮ್ಮನೆ ಕೂತ್ಕೊ."

ನಿಂಗರಾಜು ಕೂತ. ಇದ್ದಲ್ಲೇ, ನೆಲದ ಮೇಲೆ, ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು. ಅವನ ಹಿಂದೆ ಆ ಹೆಂಗಸರ ಪೈಕಿ ಚಿಕ್ಕಸಿದ್ದಮ್ಮ ಎಂಬುವಳು ಸೆರಗು ಒಟ್ಟುಮಾಡಿ ಕೂತಳು. ಆಮೇಲೆ ಇನ್ನೊಬ್ಬಳು. ಬಳೆಗಳ ಸದ್ದು ಗೋಡೆಯುದ್ದಕ್ಕೂ ಇಳಿಯಿತು. ಹನ್ನೊಂದು ಮಂದಿಯೂ ಕೂತರು.

ಬೆಂಚಿನ ಕಾಲುಗಳ ಸಂದಿಯಲ್ಲಿ ಅವನಿಗೆ ಗುರುಮಲ್ಲಪ್ಪನ ಪಾದಗಳು ಕಂಡವು. ಹೆಬ್ಬೆರಳು ಚಪ್ಪಲಿಯನ್ನು ಬಿಗಿಯಾಗಿ ಕಚ್ಚಿ ನಡುಗುತ್ತಿತ್ತು. ಆಚೆ ಕಟಕಟೆಯ ಸರಳುಗಳ ನಡುವೆ ಪುಟ್ಟಮಾದಮ್ಮನ ಕಣ್ಣು. ಅವಳೂ ಅದನ್ನೇ ನೋಡುತ್ತಿದ್ದಳು.

"ಏಳ್ರಿ! ಎಲ್ಲಾ ಎದ್ದೇಳ್ರಿ!" ಎಂದು ಜವಾನ ಕೂಗಿದ.

ಒಬ್ಬರೂ ಏಳಲಿಲ್ಲ.