ಹೆಚ್ಚಿಗೆ ಹಾಕಿದ ಹೆಸರು

ಡಬ್ಬಿ ಅದೇ, ಮುಚ್ಚಳದಲ್ಲಿ ತಗ್ಗು ಬಿದ್ದ ಸ್ಟೀಲ್ ಡಬ್ಬಿ, ಇವತ್ತೂ ಕಿಟಕಿಯ ದಂಡೆ ಮೇಲೆ ರಾಜಾರೋಷವಾಗಿ ಕೂತಿದೆಯಲ್ಲ, ತಪಾಸಣೆಯ ಸಾಹೇಬರು ಒಳಗೆ ಬಂದು ಕೂತ ಮೇಲೂ ಅದನ್ನು ಎತ್ತಿಡಬೇಕು ಅನ್ನಿಸಲಿಲ್ಲವಾ ಈ ಹುಡುಗಿಗೆ — ಬಾಗಿ ಜಗಲಿಯ ಸ್ಟೂಲಿನ ತುದಿಯಲ್ಲಿ ಕೂತು ಕತ್ತು ಉದ್ದ ಮಾಡಿದಳು, ಬೆರಳಿಗೆ ಇನ್ನೂ ಬೆಳಗಿನ ಬಂಗುಡೆಯ ವಾಸನೆ, ಸ್ಟೂಲನ್ನು ನೆರಳಿಗೆ ಎಳೆದು ಕೊಟ್ಟವಳೂ ಅದೇ ಸೌಜನ್ಯ ಟೀಚರು, ಬಿಸಿಲ್ ಬತ್ತ್ ಬಾಗಕ್ಕ, ಇಲ್ಲ್ ಕೂಕಣಿ ಅಂದಳು, ಇಷ್ಟು ನಯ ಯಾಕೆ, ಬೀಜಾಡಿಯಿಂದ ಕೋಟೇಶ್ವರಕ್ಕೆ ಬುಟ್ಟಿ ಹೊತ್ತ ನಲವತ್ತು ವರ್ಷದಲ್ಲಿ ನಯದ ಮಾತಿನವರನ್ನು ಎಷ್ಟು ಜನ ಕಂಡಿಲ್ಲ, ಹಳೇ ಮೀನಿನ ಮೇಲೆ ಹೊಸ ಐಸು ಹಾಕುವವರು. ಗಾಳಿ ಎದ್ದ ವರ್ಷ ದೋಣಿ ಪರಿಹಾರದ ಪಟ್ಟಿ ಮಾಡಿದವನೂ ನಗುತ್ತಲೇ ಬಂದಿದ್ದ, ದೋಣಿಯೇ ಇಲ್ಲದ ನಾಲ್ಕು ಜನರ ಹೆಸರು ಒಳಗೆ, ದೋಣಿ ಮುರಿದ ಗಂಡನ ಹೆಸರು ಹೊರಗೆ, ಅವರು ಸಾಯುವ ತನಕ ಅದನ್ನೇ ಹೇಳುತ್ತಿದ್ದರು, ಹೆಸ್ರ್ ಬರೆವರ್ ಕೈ ಕಾಣ್ಕ್, ಮುಖ ಅಲ್ಲ. ಇಲ್ಲೂ ಹೆಸರೇ ಅಲ್ಲವಾ, ಶಾಲೆ ಬಿಟ್ಟ ಮೇಲೆ ಆರು ಗಂಟೆ ತನಕ ಮಕ್ಕಳನ್ನು ಕೂರಿಸಿಕೊಂಡು ಪಾಠ, ಒಂದು ತಟ್ಟೆ ಕಾಳಿನ ಉಸ್ಲಿ, ಎಷ್ಟು ಹೆಸರೋ ಅಷ್ಟು ದುಡ್ಡು ಸರ್ಕಾರದ್ದು. ಹೋದ ಸೋಮವಾರ ಮೊಮ್ಮಗಳನ್ನು ಕರೆದೊಯ್ಯಲು ಬಂದಾಗ ಅಡುಗೆಯ ನಾಗು ಹತ್ತಿರ ಈ ಸೌಜನ್ಯ ಪಿಸುಗುಟ್ಟುತ್ತಿದ್ದಳು, ಗೋಡೆಯ ಈಚೆಗೆ ಸ್ಪಷ್ಟ ಕೇಳಿತು, ಇವತ್ತೂ ಹೆಸ್ರ್ ಜಾಸ್ತಿ ಹಾಕಿದ್ದೆ ನಾಗಕ್ಕ, ಯಾರತ್ರನೂ ಹೇಳ್ಬೇಡಿ. ನಾಗು ನಕ್ಕಳು, ಕಳ್ಳರಿಬ್ಬರು, ಆಮೇಲೆ ಅದೇ ಡಬ್ಬಿ ಸೌಜನ್ಯಳ ಸೆರಗಿನ ಅಡಿಗೆ, ಗೇಟಿನ ಆಚೆಗೆ, ಹೋದದ್ದನ್ನು ಕಣ್ಣಾರೆ ಕಂಡಿದ್ದಾಳೆ ಬಾಗಿ, ಮೂರು ಸಂಜೆ, ನಾಲ್ಕು. ಸಾಹೇಬರಿಗೆ ಫೋನ್ ಮಾಡಿದ್ದು ಸರಿಯೇ. ಸರಿಯಾ, ಈ ಸಂಜೆಯ ಪಾಠ ನಿಂತರೆ ಮಗಳು ಗೇರುಬೀಜದ ಕಾರ್ಖಾನೆಯಿಂದ ಬರುವುದು ಆರೂವರೆಗೆ, ಮೋಕ್ಷಿತಾ ಬೀಗದ ಮುಂದೆ ಖಾಲಿ ಹೊಟ್ಟೆಯಲ್ಲಿ — ಇರಲಿ, ಮಕ್ಕಳ ಬಾಯಿಂದ ಕಿತ್ತು ತಿನ್ನುವುದನ್ನು ಕಂಡೂ ಕಾಣದ ಹಾಗೆ ಇರುವುದು ಹೇಗೆ, ಗೋಡೆಯ ಮೇಲೆ ಬೋರ್ಡೇ ಇದೆ, ಮೋಕ್ಷಿತಾಳೇ ಓದಿ ಹೇಳಿದ್ದಳು, ಹೊರಗಿನ ಆಹಾರ ಪದಾರ್ಥ ಬಳಸಿದರೆ ಅನುದಾನ ರದ್ದು, ಆ ಬೋರ್ಡಿನ ಅಡಿಗೇ ಡಬ್ಬಿ. ಒಳಗೆ ಸಾಹೇಬರು ಹೆಸರು ಕೂಗತೊಡಗಿದರು, ರತೀಶ್, ಯಸ್ ಸರ್, ನಿಖಿತಾ, ಯಸ್ ಸರ್, ಬಾಗಿ ಬೆರಳು ಮಡಚಿದಳು, ಈಗ ಸಿಕ್ಕಿಬೀಳುತ್ತಾಳೆ, ಈಗ, ದಿವ್ಯಾ, ಯಸ್ ಸರ್, ಯಾವ ಹೆಸರಿಗೆ ಬಾಯಿಲ್ಲವೋ ಅದು, ಇಪ್ಪತ್ತಾರು, ಇಪ್ಪತ್ತೇಳು, ಮೋಕ್ಷಿತಾ, ಯಸ್ ಸರ್, ಅವಳ ದನಿ ಎಲ್ಲರಿಗಿಂತ ಜೋರು, ಮೂವತ್ತೊಂದು. ಮುಗಿಯಿತು. ಪುಸ್ತಕದಲ್ಲೂ ಮೂವತ್ತೊಂದಂತೆ. ಮತ್ತೆ ಹೆಚ್ಚಿಗೆ ಹಾಕಿದ ಹೆಸರು ಎಲ್ಲಿ ಹೋಯಿತು, ಅಡಗಿಸಿದಳಾ, ರಾತ್ರಿಯೇ ಬೇರೆ ಪುಸ್ತಕ ಬರೆದಳಾ — ಅಷ್ಟರಲ್ಲಿ ಮೋಕ್ಷಿತಾ ತಟ್ಟೆ ಹಿಡಿದು ಹೊರಗೆ ಓಡಿ ಬಂದಳು, ಬಿಸಿ ಉಸ್ಲಿ, ತೆಂಗಿನ ತುರಿ, ಅಮ್ಮಮ್ಮ ನೀನೂ ತಿನ್, ಮೊಳಕಿ ಹೆಸ್ರ್, ಟೀಚರ್ ದಿನಾ ಮನೆಯಿಂದ ತತ್ರ್, ಸರ್ಕಾರದ್ ಹೆಸ್ರ್ ಸಾಲುದಿಲ್ಲೆ ಅಂದೇಳಿ ಜಾಸ್ತಿ ಹಾಕ್ತ್ರ್. ಹೆಸ್ರ್. ಬಾಗಿಯ ಬಾಯಿಗೆ ಹೋದ ಕಾಳು ಅಲ್ಲೇ ನಿಂತಿತು. ಡಬ್ಬಿ ಹೋದದ್ದನ್ನು ಕಂಡಿದ್ದಳು, ಬಂದದ್ದನ್ನು ಕಂಡಿರಲಿಲ್ಲ, ಮಧ್ಯಾಹ್ನ ಟೀಚರು ಬರುವ ಹೊತ್ತಿಗೆ ತಾನು ಕೋಟೇಶ್ವರದಲ್ಲಿ ಮೀನಿನ ಮುಂದೆ, ಹೋಗುವ ಡಬ್ಬಿಯನ್ನು ಎತ್ತಿ ನೋಡಿದ್ದಳಾ, ಭಾರವೋ ಹಗುರವೋ — ಒಳಗೆ ಕುರ್ಚಿ ಸರಿದ ಸದ್ದು, ಸಾಹೇಬರ ದನಿ, ಆ ಡಬ್ಬಿಯಲ್ಲಿ ಏನಿದೆ ಟೀಚರ್, ಡಬ್ಬಿಯ ವಿಷಯ ಅವರಿಗೆ ಹೇಳಿದವಳು ತಾನೇ, ತಗ್ಗು ಬಿದ್ದ ಮುಚ್ಚಳದ ಗುರುತನ್ನೂ ಬಿಡದೆ. ಏಳಬೇಕು, ನನ್ನದೇ ತಪ್ಪು ಸಾರ್ ಅನ್ನಬೇಕು, ಸೌಜನ್ಯ ಕಿಟಕಿಯಿಂದ ಒಮ್ಮೆ ಹೊರಗೆ ನೋಡಿದಳು, ಬಿಸಿಲು ಬಾಗಕ್ಕನ ಮೇಲೆ ಬಂತಾ ಅಂತ ನೋಡಿದ ಹಾಗೆ, ಸಾಹೇಬರು ಬೋರ್ಡಿನ ಅಡಿಗೆ ನಿಂತು ಮುಚ್ಚಳ ತೆಗೆದರು, ಒಳಗೆ ಮಡಚಿದ ಒದ್ದೆ ಬಟ್ಟೆ, ಬಟ್ಟೆಯ ಅಂಚಿಗೆ ಅಂಟಿಕೊಂಡು, ಬಿಳೀ ಮೊಳಕೆ ಬಾಗಿಸಿಕೊಂಡು, ಒಂದು ಹೆಸರು, ಒಂದೇ ಒಂದು ಹೆಸರು