ಚಾಂಪಿಯನ್ ಬಚ್ಚಪ್ಪನ ಮೈಮೇಲೆ ಬಂದದ್ದು

ಗಂಡನ ಹೆಸರು ಬಾಯಲ್ಲಿ ಹೇಳಬಾರದಂತೆ. ದಂಡಿನ ಬಿಳಿ ಸೋಜರರೆಲ್ಲ ಟೋಪಿ ಎಸೆದು ಕೂಗಿದ ಹೆಸರನ್ನು ನಾನೊಬ್ಬಳು ನುಂಗಿಕೊಂಡಿರಬೇಕೇ? ಬಚ್ಚಪ್ಪ. ಚಾಂಪಿಯನ್ ಬಚ್ಚಪ್ಪ.

ಬಳೇಪೇಟೆಯ ಗರಡಿಯಲ್ಲಿ ಕುಸ್ತಿ ಮಾಡಿಕೊಂಡಿದ್ದವರು. ಮನೆಯದು ಸೊಪ್ಪು ತರಕಾರಿ ವ್ಯಾಪಾರ. ದಂಡಿಗೆ ತರಕಾರಿ ಹಾಕಲು ಹೋದವರು ಅಲ್ಲಿ ಸೋಜರರ ಬಾಕ್ಸಿಂಗ್ ನೋಡಿ, ಕೈಗೆ ಚರ್ಮದ ಗವಸು ಏರಿಸಿಕೊಂಡು ತಾವೂ ಇಳಿದೇಬಿಟ್ಟರು. ಸ್ವಲ್ಪ ಕಾಲದಲ್ಲೇ ಅವರೆದುರು ನಿಲ್ಲುವ ಬಿಳಿಯನಿರಲಿಲ್ಲ. ಬೆಳ್ಳಿಯ ಕಪ್ ಗೆದ್ದ ದಿನ ಪೇಟೆಯವರು ವಾಲಗ ಊದಿಸಿ ಮೆರವಣಿಗೆ ಮಾಡಿದರು. ಹೊಸ್ತಿಲು ದಾಟಿದವರೇ, "ರತ್ನೀ, ಗೆದ್ದೆ ಕಣೇ! ಮೊದ್ಲು ಮುದ್ದೆ ಹಾಕು" ಅಂದರು. ಮುಖ ಕುಂಬಳಕಾಯಿಯಂತೆ ಊದಿತ್ತು. ಉಪ್ಪಿನ ಶಾಖ ಕೊಡುತ್ತಾ ಬಾಯಿಗೆ ಬಂದಂತೆ ಬೈದೆ. ಅವರು ನಗುತ್ತಿದ್ದರು. ಆ ನಗು ನೋಡಲಿಕ್ಕೇ ನಾನು ಬೈಯುತ್ತಿದ್ದದ್ದು.

ವರ್ಷಗಟ್ಟಲೆ ಹಾಗೇ ನಡೆಯಿತು. ಆಮೇಲೆ ಕೈ ನಡುಗಲು ಶುರುವಾಯಿತು. ಮಾತು ತೊದಲಿತು. ಬದನೆಕಾಯಿ ತೂಗುತ್ತಾ ಕೂತವರು, ಯಾಕೆ ಕೂತಿದ್ದೇನೆ ಎನ್ನುವುದನ್ನೇ ಮರೆಯುತ್ತಿದ್ದರು.

ಒಂದು ಶುಕ್ರವಾರ ಮಾರಮ್ಮನ ಗುಡಿಯ ಮುಂದೆ ತಮಟೆ ಬಡಿಯುವಾಗ ಅವರ ತಲೆ, ಮೈ ಎಲ್ಲ ಅದುರತೊಡಗಿತು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಕೈ ಮುಗಿದು, ಜರ್ಮನ್ ಯುದ್ಧಕ್ಕೆ ಹೋದ ಮಗ ಬರುತ್ತಾನೆಯೇ ಎಂದು ಕೇಳಿಬಿಟ್ಟಳು. "ಬ... ಬರ್ತಾನೆ ಬಿಡಿ" ಎಂದರು. ಮಗ ಬಂದೇಬಿಟ್ಟ! ಇನ್ನು ಕೇಳಬೇಕೇ? ಶುಕ್ರವಾರ ಬಂತೆಂದರೆ ನಮ್ಮ ಜಗಲಿಯ ಮುಂದೆ ಜನವೋ ಜನ, ತೆಂಗಿನಕಾಯಿ, ನಿಂಬೆಹಣ್ಣು. ಇವರು ಎಲ್ಲರಿಗೂ ಅದೇ ಮಾತು ಹೇಳುತ್ತಿದ್ದರು.

"ಅದು ದೇವ್ರಲ್ಲ ಅತ್ತೆ, ತಲೆಗೆ ಬಿದ್ದಿರೋ ಏಟು! ಡಾಕ್ಟ್ರಿಗೆ ತೋರ್ಸೋಣ" ಎಂದು ಅತ್ತೆ ಸುಬ್ಬಲಕ್ಷ್ಮಮ್ಮನವರ ಮುಂದೆ ಕಿರುಚಿದೆ.

"ಬಾಯ್ಮುಚ್ಚೇ! ಅಮ್ಮನೋರ್ಗೆ ಯಾರಾದ್ರೂ ಔಷ್ದಿ ಕುಡಿಸ್ತಾರಾ?" ಎಂದರು.

ಅವರನ್ನೂ ಬೈಯಲಾರೆ. ಮಗ ಹಾಳಾದ ಎನ್ನುವುದಕ್ಕಿಂತ ಮಗನ ಮೈಮೇಲೆ ದೇವರು ಬಂತು ಎನ್ನುವುದು ಯಾವ ತಾಯಿಗಾದರೂ ಸುಲಭ.

ಅತ್ತೆ ವೈಯಾಲಿಕಾವಲಿನ ಮಗಳ ಮನೆಗೆ ಹೋದ ದಿನ, ಜಟಕಾ ಮಾಡಿಕೊಂಡು ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಕಣ್ಣು ನೋಡಿದರು, ನಡೆಸಿ ನೋಡಿದರು. "ಏಟು ಒಳಗೇ ಕೆಲಸ ಮಾಡಿಬಿಟ್ಟಿದೆಯಮ್ಮ. ಇದಕ್ಕೆ ಔಷಧಿ ಇಲ್ಲ, ಇನ್ನೂ ಜಾಸ್ತಿಯಾಗುತ್ತೆ" ಎಂದರು. ಜಟಕಾದಲ್ಲಿ ದಾರಿಯುದ್ದಕ್ಕೂ ಅವರ ಕೈ ಹಿಡಿದುಕೊಂಡೇ ಬಂದೆ. ಅವರು ಕುದುರೆಯನ್ನು ನೋಡುತ್ತಿದ್ದರು.

ಅತ್ತೆ ವಾಪಸ್ ಬಂದ ಮೇಲಿನ ಶುಕ್ರವಾರ ನಾನೂ ತಲೆಗೆ ನೀರು ಹಾಕಿಕೊಂಡು, ಕಾಯಿ ಹಿಡಿದು, ಹೆಂಗಸರ ಸಾಲಿನಲ್ಲಿ ನಿಂತೆ. ನನ್ನದೇ ಮನೆಯ ಜಗಲಿಯ ಮುಂದೆ, ನನ್ನದೇ ಗಂಡನನ್ನು ನೋಡಲು! ನಂಬಿಕೆ ಇರಲಿಲ್ಲ. ಆದರೆ ಬೇರೆ ಯಾರನ್ನು ಕೇಳಲಿ? ಕಾಲಿಗೆ ಬಿದ್ದೆ.

"ನಮ್ಮ ಯಜಮಾನ್ರು ನಂಗೆ ವಾಪಸ್ ಬರ್ತಾರಾ, ತಾಯಿ?"

ಅವರು ಬಗ್ಗಿ ನನ್ನ ಮುಖ ನೋಡಿದರು. ಗುರುತಿಲ್ಲದ ಹೆಂಗಸನ್ನು ನೋಡುವಂತೆ, ಬಹಳ ಮರ್ಯಾದೆಯಿಂದ ನೋಡಿದರು.

"ಅವ್ನು ಸೋ... ಸೋತೋದ ಕಣಮ್ಮ. ಕಾಯ್ಬೇಡಿ. ಮನೇಗೆ ಹೋಗಿ."

ಹೊಟ್ಟೆಯೊಳಗಿದ್ದುದೆಲ್ಲ ಕಿತ್ತು ಬರುವಂತೆ ಚೀರಿದೆ. ಮುಡಿ ಬಿಚ್ಚಿಹೋಯಿತು. ಹಣೆಯನ್ನು ಕಲ್ಲಿಗೆ ಚಚ್ಚಿಕೊಂಡೆ. ಒಬ್ಬಳಾದರೂ ಬಂದು ತಬ್ಬಿಕೊಳ್ಳುತ್ತಾಳೆ ಅಂದುಕೊಂಡೆ. "ಅಯ್ಯೋ, ಇವಳ ಮೈಮೇಲೂ ಬಂತು ಕಣ್ರೇ!" ಎಂದು ಹೆಂಗಸರೆಲ್ಲ ಹಿಂದೆ ಸರಿದು ಕೈ ಮುಗಿದರು. ಅತ್ತೆ ಒಳಗಿನಿಂದ ಓಡಿ ಬಂದು ನನಗೂ ಆರತಿ ಎತ್ತಿದರು.