ಬಿಟ್ಟೆ, ಹಿಡಿ

ಸೋಮವಾರದೊಳಗೆ ಅಕ್ಕ ಒಂದು ಮಾತು ಹೇಳಬೇಕಿತ್ತು. ಬರುತ್ತೇನೆ ಅಂದರೆ ಟೈಪಿಂಗ್ ಅಂಗಡಿಯ ಕಿಟಕಿ ಪಕ್ಕದ ಕುರ್ಚಿ ಅವಳದ್ದೇ. ಇಲ್ಲವೆಂದರೆ ಯಜಮಾನರು ಬೇರೆಯವರನ್ನು ಕೂರಿಸುವವರಿದ್ದರು. ಅದೇ ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವ, ಮಾತು ಕಡಿಮೆಯ ತಂಗಿ ಗುಬ್ಬಿ ಈ ಸುದ್ದಿಯನ್ನು ಬಾಯಲ್ಲೇ ಇಟ್ಟುಕೊಂಡು ಮನೆಯೆಲ್ಲ ತಿರುಗಿ, ಕೊನೆಗೆ ಹೇಳಿದಳು. ಅಕ್ಕ ಗೋಡೆಯ ಕಡೆ ಹೊರಳಿ, "ಕೂರಿಸ್ಕೊಳ್ಲಿ ಬಿಡು," ಅಂದಳು.

ಅಲ್ಲೇ ಟೈಪ್ ಮಾಡುತ್ತಿದ್ದ ಅಕ್ಕನ ಎಡಗೈಯ ಎರಡು ಬೆರಳುಗಳಿಗೆ ಅಂಗಡಿಯ ಕಾಗದ ಕತ್ತರಿಸುವ ಯಂತ್ರದ ಅಲಗು ತಾಗಿತ್ತು. ಗಾಯ ಮಾಯಿತು, ಬೆರಳು ಮಡಚಲಾಗಲಿಲ್ಲ. ಆಮೇಲೆ ಒಮ್ಮೆ ಧೈರ್ಯ ಮಾಡಿ ಕುರ್ಚಿಗೆ ಬಂದು ಕೂತಿದ್ದಳು. ಸೆಟೆದ ಬೆರಳುಗಳು ಅಕ್ಕಪಕ್ಕದ ಕೀಲಿಗಳ ಮೇಲೆಲ್ಲ ಒಟ್ಟಿಗೇ ಬಿದ್ದವು. ಹಳೆಯ ಕೀಬೋರ್ಡು ಅಷ್ಟನ್ನು ತಾಳಲಾರದೆ ಕೀಂ ಎಂದು ಕೂಗಿಕೊಂಡಿತು. ಸರದಿಯಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು, ನೋಡಿದ್ದು ಕೈಯನ್ನು. ಅವತ್ತಿನಿಂದ ಕೈ ಶಾಲಿನೊಳಗೆ, ಅಕ್ಕ ಮನೆಯೊಳಗೆ.

ಆ ಕೂಗು ಗುಬ್ಬಿಗೆ ಹೊಸದೇನಲ್ಲ. ಚಿಕ್ಕವರಿದ್ದಾಗ ಸೋದರಮಾವ ಬೇಡವೆಂದು ಕೊಟ್ಟ ಕಂಪ್ಯೂಟರಿನಲ್ಲಿ ಅಕ್ಕತಂಗಿ ದೋಣಿಯಾಟ ಆಡುತ್ತಿದ್ದರು. ಒಂದೇ ಕೀಬೋರ್ಡು, ಒಂದೇ ಕುರ್ಚಿಯಲ್ಲಿ ಇಬ್ಬರಿಗೂ ಅರ್ಧರ್ಧ. ಎಡಗಡೆಯ ಹುಟ್ಟು ಅಕ್ಕನದು, ಬಲಗಡೆಯದು ಗುಬ್ಬಿಯದು. ಇಬ್ಬರೂ ಒಟ್ಟಿಗೆ ಒತ್ತಿದರೆ ಸಾಕು, ಅದೂ ಹೀಗೆಯೇ ಕೂಗಿ ದೋಣಿಯನ್ನು ನಿಲ್ಲಿಸಿಬಿಡುತ್ತಿತ್ತು. ಉಪಾಯ ಹುಡುಕಿದವಳು ಅಕ್ಕ. ಬೆರಳೆತ್ತಿದವರು "ಬಿಟ್ಟೆ, ಹಿಡಿ" ಅನ್ನಬೇಕು. ಆಮೇಲೆಯೇ ಇನ್ನೊಬ್ಬರು ಒತ್ತಬೇಕು. ದೋಣಿ ಕುಡುಕನ ಹಾಗೆ ಆ ದಡಕ್ಕೊಮ್ಮೆ ಈ ದಡಕ್ಕೊಮ್ಮೆ ಓಲಾಡುತ್ತ ಹೋಗುತ್ತಿತ್ತು. ಬಂಡೆಗಳ ತಿರುವಿನಲ್ಲಿ ಮಾತ್ರ ಎರಡೂ ಹುಟ್ಟು ಒಟ್ಟಿಗೇ ಬೀಳಬೇಕು. ಪ್ರತಿ ಸಲವೂ ಅಲ್ಲೇ ಮುಳುಗುತ್ತಿದ್ದರು, ಮುಳುಗಿ ಬಿದ್ದುಬಿದ್ದು ನಗುತ್ತಿದ್ದರು. ಅಡುಗೆಮನೆಯಿಂದ ಅಮ್ಮನ ಗದರಿಕೆ: "ಅದೇನು ಬಿಡೋದು, ಅದೇನು ಹಿಡಿಯೋದು? ಮೊದ್ಲು ಪುಸ್ತಕ ಹಿಡೀರೇ!" ಗುಬ್ಬಿ ಪುಸ್ತಕವನ್ನು ಬೇಗನೇ ಬಿಟ್ಟಳು. ಈಗ ಹಿಡಿಯುತ್ತಾಳೆ, ರಟ್ಟು ಹಾಕುವುದಕ್ಕೆ.

ಕಂಪ್ಯೂಟರಿಗೆ ವಯಸ್ಸಾಗಿ, ವಿಂಡೋಸ್ ಹೊರಲಾರದೆ ಏದುಸಿರು ಬಿಡತೊಡಗಿದಾಗ ರಿಪೇರಿ ಮಾಮ ಅದರ ಬದಲು ಹಗುರವಾದ ಲಿನಕ್ಸ್ ಹಾಕಿಕೊಟ್ಟಿದ್ದ. ಯಂತ್ರ ಬದುಕಿತು, ವಿಂಡೋಸಿನದೇ ಆದ ಆಟ ಹೋಯಿತು. ಶನಿವಾರ ಸಂಜೆ ಗುಬ್ಬಿ ಅವನ ಅಂಗಡಿಯ ಬಾಗಿಲಲ್ಲಿ ನಿಂತು, "ಮಾಮ, ಆ ದೋಣಿಯಾಟ..." ಅಂದಳು.

"ಓಹೋ, ಮೂಗಿಗೆ ಬಾಯಿ ಬಂತು! ಅವತ್ತು ಕೇಳಿದಾಗ ನಾನೇನಂದಿದ್ದೆ?"

"ಲಿನಕ್ಸಲ್ಲಿ ಆಟ ಅಂದ್ರೆ ಬೋಳುತಲೆಗೆ ಬಾಚಣಿಗೆ ಅಂದಿದ್ರಿ."

"ಆ ತಲೆಗೆ ಈಗ ಕೂದಲು ಬಂದಿದೆ ಕಣಮ್ಮ. ನನ್ನ ತಲೆಗೆ ಮಾತ್ರ ಬರ್ಲಿಲ್ಲ." ಮಾಮ ತಲೆ ಸವರಿಕೊಂಡ. "ಪ್ರೋಟಾನ್ ಅಂತ ಒಂದಿದೆ, ದುಭಾಷಿ ಥರ. ಆಟ ವಿಂಡೋಸ್ ಭಾಷೇಲಿ ಕೇಳಿದ್ದನ್ನ ಲಿನಕ್ಸಿಗೆ ತಿಳಿಯೋ ಹಾಗೆ ಹೇಳತ್ತೆ. ಹೊಸ ವಿಂಡೋಸಲ್ಲಿ ಏಳದ ಎಷ್ಟೋ ಹಳೇ ಆಟಗಳು ಇಲ್ಲಿ ಎದ್ದು ಕೂತಿವೆ. ಡಿಸ್ಕ್ ಇದ್ಯಾ?"

ಇತ್ತು. ಅಕ್ಕನ ಸೂಜಿದಾರದ ಡಬ್ಬಿಯ ತಳದಲ್ಲಿ, ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದು. ಎಸೆದಿಲ್ಲವೆಂಬುದು ಗುಬ್ಬಿಗೆ ಗೊತ್ತಿತ್ತು. ಮಾತಾಡದವರಿಗೆ ಕಣ್ಣು ಹೆಚ್ಚು. ಅಕ್ಕ ಗೋಡೆಯ ಕಡೆ ಮಲಗಿದ್ದಾಗಲೇ ಮಾಮ ಮನೆಗೆ ಬಂದು ಎಲ್ಲ ಹೊಂದಿಸಿಕೊಟ್ಟ. ಮನೆಯ ಕೀಬೋರ್ಡಿನಲ್ಲಿ ಇರುವೆಗಳು ಸಂಸಾರ ಹೂಡಿದ್ದವು. ಅದನ್ನು ಕಿತ್ತು, ಯಾರೋ ಆಟದ ಹುಚ್ಚಿನವನು ಮಾರಿಹೋಗಿದ್ದ ದಪ್ಪನೆಯದೊಂದನ್ನು ಸಿಕ್ಕಿಸಿದ.

ಭಾನುವಾರ ಮಧ್ಯಾಹ್ನ ಆಟದ ಮೊದಲ ರಾಗ ಕೇಳಿದ್ದೇ ತಡ, ಗೋಡೆಯ ಕಡೆಯಿದ್ದ ಮುಖ ಇತ್ತ ತಿರುಗಿತು.

"ಅದು ಇನ್ನೂ ಬದುಕಿದ್ಯೇನೇ?"

ಗುಬ್ಬಿ ಕುರ್ಚಿಯಲ್ಲಿ ಬಲಕ್ಕೆ ಸರಿದು ಎಡಗಡೆಯ ಅರ್ಧ ಖಾಲಿ ಬಿಟ್ಟಳು. ಒಂದೇ ಹುಟ್ಟಿನ ದೋಣಿ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು.

"ನನ್ನ ಕೈಲಾಗಲ್ಲ," ಅಂದಳು ಅಕ್ಕ.

"ನನ್ನ ಕೈಲೂ ಆಗ್ತಿಲ್ಲ. ಕಾಣಲ್ವಾ?"

ಅಕ್ಕ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಬಂದಳು. "ಸರಿ ಆಚೆ. ಕುರ್ಚಿ ಇಬ್ಬರಿಗೂ ಸಾಲೋ ಅಂಥ ಮೈಯಾ ಈಗ ನಿಂದು?" ಕುರ್ಚಿ ಕಿರುಗುಟ್ಟಿತು. ಶಾಲಿನಿಂದ ಎಡಗೈ ಹೊರಬಂತು. ಗುಬ್ಬಿ ಅದನ್ನು ನೋಡಲಿಲ್ಲ, ನದಿಯನ್ನೇ ನೋಡಿದಳು.

"ಬಿಟ್ಟೆ, ಹಿಡಿ."

ಅಕ್ಕನ ತೋರುಬೆರಳು ತಡೆತಡೆದು ಒತ್ತಿತು. "ಬಿಟ್ಟೆ, ಹಿಡಿ."

ದೋಣಿ ಮೊದಲಿನ ಹಾಗೆಯೇ ಓಲಾಡುತ್ತ ಹೊರಟಿತು. ಗುಬ್ಬಿಯ ಭುಜಕ್ಕೆ ಅಕ್ಕನ ಭುಜ ತಾಗುತ್ತಿತ್ತು, ಆ ಕಾಲದಲ್ಲಿ ತಾಗುತ್ತಿದ್ದ ಹಾಗೆ. ಬಂಡೆಗಳ ತಿರುವು ಬಂತು. ಅಕ್ಕ ಗಾಬರಿಯಲ್ಲಿ ಅಂಗೈ ಊರಿದಳು. ಸೆಟೆದ ಬೆರಳುಗಳು ಸಿಕ್ಕಸಿಕ್ಕ ಕೀಲಿಗಳ ಮೇಲೆ ಬಿದ್ದವು. ಗುಬ್ಬಿ ಇನ್ನೂ ತನ್ನ ಬೆರಳು ಎತ್ತಿರಲಿಲ್ಲ. ಇಬ್ಬರೂ ಭುಜ ಕುಗ್ಗಿಸಿ, ಕಣ್ಣು ಮುಚ್ಚಿ, ಕೂಗಿಗೆ ಕಾದರು.

ಕೂಗು ಬರಲಿಲ್ಲ. ಕಣ್ಣು ಬಿಟ್ಟರೆ ಎರಡೂ ಹುಟ್ಟು ಒಟ್ಟಿಗೇ ಬಿದ್ದಿದ್ದವು. ದೋಣಿ ಬಂಡೆಗಳ ನಡುವೆ ಬಾಣದ ಹಾಗೆ ನುಗ್ಗಿ, ಅವರು ಎಂದೂ ಕಾಣದ ಅಗಲವಾದ ನೀರಿಗೆ ಬಂದಿತ್ತು.

"ಯಾಕೆ ಕೂಗ್ಲಿಲ್ಲ ಇದು?"

"ಗೊತ್ತಿಲ್ಲ ಅಕ್ಕ. ಮಾಮ ಹಾಕಿಕೊಟ್ಟ ಬೇರೆ ಕೀಬೋರ್ಡು. ಎಷ್ಟು ಒತ್ತಿದ್ರೂ ತಾಳತ್ತೇನೋ."

"ಹಾಗಾದ್ರೆ ಇಷ್ಟು ಹೊತ್ತು ಬಿಟ್ಟೆ, ಹಿಡಿ ಅಂತ ಯಾಕೆ ಬಡ್ಕೊಂಡ್ವಿ?"

ಗುಬ್ಬಿಗೆ ನಗು ತಡೆಯಲಾಗಲಿಲ್ಲ. ಅಕ್ಕನಿಗೂ. ನಕ್ಕು ಕಣ್ಣೊರೆಸಿಕೊಂಡದ್ದು ಎಡಗೈಯಲ್ಲೇ ಎಂಬುದು ಅವಳ ಗಮನಕ್ಕೆ ಬಂದಂತೆ ಕಾಣಲಿಲ್ಲ.

"ಆದ್ರೂ ಹೇಳ್ತಾನೇ ಆಡೋಣ. ಇಲ್ಲಾಂದ್ರೆ ರುಚೀನೇ ಇಲ್ಲ," ಅಂದಳು ಅಕ್ಕ. ಮುಸ್ಸಂಜೆಯವರೆಗೂ ಬೇಕಿಲ್ಲದ ಆ ಮಾತು ಮನೆಯಲ್ಲಿ ಆಡುತ್ತಲೇ ಇತ್ತು.

ಮರುದಿನ ಗುಬ್ಬಿ ಚಪ್ಪಲಿ ಮೆಟ್ಟುವಾಗ ಅಕ್ಕ ತಲೆ ಬಾಚಿಕೊಂಡು ನಿಂತಿದ್ದಳು.

"ಅಂಗಡೀಲಿ ಇನ್ನೂ ಆ ಕಿರುಚೋ ಕೀಬೋರ್ಡೇನಾ?"

"ಅದೇ."

"ಎರಡು ಅಕ್ಷರ ಬಿದ್ರೆ ಒಂದನ್ನ ಅಳಿಸ್ಕೋತೀನಿ, ನಿಧಾನ ಆಗತ್ತೆ ಅಷ್ಟೇ. ಅದು ಕಿರುಚಿ ಊರಿಗೆಲ್ಲ ಡಂಗುರ ಹೊಡಿಯೋದು ಬೇಡ." ಅಕ್ಕ ಕಂಪ್ಯೂಟರಿನ ಕಡೆ ಗದ್ದ ಎತ್ತಿ ತೋರಿಸಿದಳು. "ಈ ಕೀಬೋರ್ಡನ್ನ ಬಿಚ್ಚಿ ಚೀಲಕ್ಕೆ ಹಾಕ್ಕೋ. ಸಂಜೆ ಮತ್ತೆ ತರ್ಬೇಕು, ಮರೀಬೇಡ."